ನಾಲ್ಕು ಟಯರ್, ನಾಲ್ಕು ಕಡೆ: ಶಿರಸಿಯಲ್ಲಿ ಕೂತು ಹಾಕಿದ ಲೆಕ್ಕ

2017ರಲ್ಲಿ ತಗೊಂಡ ಪಲ್ಸರ್ 150 ಇವತ್ತಿಗೂ ನನ್ನ ಹತ್ತಿರವೇ ಇದೆ. ವಾರಕ್ಕೆ ಎರಡು ಸಲ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯಬೇಕು, ಸಂಜೆ ಮತ್ತೆ ಹತ್ತಬೇಕು. ಹಿಂದಿನ ಟಯರ್ ಹದಿನೆಂಟು, ಇಪ್ಪತ್ತು ಸಾವಿರ ಕಿಲೋಮೀಟರಿಗೆ ಬೋಳಾಗುತ್ತದೆ. ಹಾಗಾಗಿ ಇಲ್ಲಿವರೆಗೆ ನಾಲ್ಕು ಸಲ ಬದಲಿಸಿದ್ದೇನೆ. ನಾಲ್ಕೂ ಬೇರೆ ಬೇರೆ ಕಡೆ: ಶೋರೂಮು, ಆನ್‌ಲೈನು, ಹುಬ್ಬಳ್ಳಿ, ಕೊನೆಗೆ ನಮ್ಮ ಶಿರಸಿಯದೇ ಟಯರ್ ಅಂಗಡಿ.

ಮೊದಲ ಸಲ 2019ರ ಜುಲೈ. ಸರ್ವಿಸಿಗೆ ಬಿಟ್ಟು ಬಂದಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಬಂತು. "ಸರ್, ಹಿಂದಿನ ಟಯರ್ ಪೂರ್ತಿ ಹೋಗಿದೆ. ಹಾಕಿಬಿಡ್ಲಾ?" ಹೊರಗೆ ಮಳೆ ಧೋ ಅಂತ ಸುರಿಯುತ್ತಿತ್ತು. ಘಟ್ಟ ನೆನಪಾಯ್ತು. ಹಾಕಿ ಅಂದೆ. ದರ ಕೇಳಲಿಲ್ಲ, ಕಂಪನಿ ಕೇಳಲಿಲ್ಲ. ಸಂಜೆ ಬಿಲ್ ನೋಡಿದರೆ ಟಯರಿಗೆ ಪೂರಾ ಎಂಆರ್‌ಪಿ, ಕೂಲಿ ಬೇರೆ, ವಾಲ್ವ್ ಬೇರೆ, ಕೆಳಗೆ 'ಕನ್ಸ್ಯೂಮಬಲ್ಸ್' ಅಂತ ಇನ್ನೊಂದು ಸಾಲು. ಅದು ಎಂತದು ಅಂತ ಕೇಳಿದೆ. ಕೌಂಟರಿನ ಹುಡುಗನಿಗೂ ಗೊತ್ತಿರಲಿಲ್ಲ. ಸೋಪಿನ ನೀರು ಇರಬೇಕು ಅಂದುಕೊಂಡು ದುಡ್ಡು ಕೊಟ್ಟು ಬಂದೆ.

ಅಸಲಿ ಕತೆ ಗೊತ್ತಾಗಿದ್ದು ಮೂರು ವಾರದ ನಂತರ. ಕುಮಟಾದಲ್ಲಿ ಮೊಳೆ ಚುಚ್ಚಿತು. ಹೆದ್ದಾರಿ ಬದಿಯ ಪಂಚರ್ ಅಂಗಡಿಯವನು ಚಕ್ರ ತಿರುಗಿಸುತ್ತಾ ಮೊಳೆ ಹುಡುಕುತ್ತಿದ್ದ. ಒಮ್ಮೆಲೇ ನಿಲ್ಲಿಸಿ ನಕ್ಕ. "ಅಣ್ಣಾ, ಇದನ್ನ ಹಚ್ಚಿದ್ದು ಯಾರು? ಉಲ್ಟಾ ಕೂತಿದೆಯಲ್ಲಾ!" ಟಯರಿನ ಪಕ್ಕದಲ್ಲಿ ಬಾಣದ ಗುರುತಿರುತ್ತದೆ. ಗಾಡಿ ಮುಂದೆ ಹೋಗುವಾಗ ಚಕ್ರ ಯಾವ ಕಡೆ ತಿರುಗುತ್ತದೋ ಆ ಕಡೆ ಬಾಣ ಇರಬೇಕು. ನನ್ನದು ಹಿಂದಕ್ಕೆ ನೋಡುತ್ತಿತ್ತು. ಟಯರಿನ ಗೀರುಗಳು ನೀರನ್ನು ಹೊರಗೆ ತಳ್ಳುವ ಹಾಗೆ ಕೊರೆದಿರುತ್ತಾರೆ. ಉಲ್ಟಾ ಹಚ್ಚಿದರೆ ಆ ಕೆಲಸ ಸರಿಯಾಗಿ ಆಗೋದಿಲ್ಲ. ಮೂರು ವಾರ, ಅದೂ ಆಷಾಢದ ಮಳೆಯಲ್ಲಿ, ದೇವಿಮನೆ ತಿರುವುಗಳನ್ನು ನಾನು ಹಾಗೇ ಇಳಿದಿದ್ದೆ!

ಅವನೇ ಇನ್ನೊಂದನ್ನೂ ತೋರಿಸಿದ. ಬಾಣದ ಹತ್ತಿರವೇ ಚಿಕ್ಕ ಚೌಕದೊಳಗೆ ನಾಲ್ಕು ಅಂಕಿ: 1117. ಮೊದಲೆರಡು ವಾರ, ಕೊನೆಯೆರಡು ವರ್ಷ. 2017ರ ಹನ್ನೊಂದನೇ ವಾರ ತಯಾರಾದ ಟಯರು. ಹೊಸ ಟಯರ್ ಅಂತ ಹಾಕಿಸಿಕೊಂಡಿದ್ದಕ್ಕೆ ನನ್ನ ಬೈಕಿನಷ್ಟೇ ವಯಸ್ಸು. ನೆರಳಲ್ಲಿ ಸರಿಯಾಗಿ ಇಟ್ಟಿದ್ದರೆ ಎರಡು ವರ್ಷದ ಟಯರ್ ಅಪಾಯ ಅಂತೇನಲ್ಲ. ಆದರೆ ರಬ್ಬರು ಇದ್ದಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ. ಹಳೇ ಸ್ಟಾಕಿಗೆ ಹೊಸದರ ದರ ಯಾಕೆ ಕೊಡಬೇಕು, ಅಲ್ವಾ? ಅವತ್ತಿನಿಂದ ಆ ನಾಲ್ಕು ಅಂಕಿ ನೋಡದೆ ನಾನು ಟಯರ್ ಮುಟ್ಟುವುದಿಲ್ಲ.

2021ರಲ್ಲಿ ಆನ್‌ಲೈನ್. ಎಂಆರ್‌ಪಿಗಿಂತ ಚೆನ್ನಾಗಿಯೇ ಕಡಿಮೆ ಇತ್ತು. ಅಳತೆ ನೋಡಿಯೇ ಆರ್ಡರ್ ಮಾಡಿದ್ದೆ: 100/90-17 55P. ಅಗಲ 100 ಮಿಲಿಮೀಟರ್, ಎತ್ತರ ಅದರ ಶೇಕಡ 90, ರಿಮ್ 17 ಇಂಚು. 55 ಅಂದರೆ ಆ ಟಯರ್ 218 ಕಿಲೋ ತಡೆಯುತ್ತದೆ. P ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ. ವೇಗ ನಮಗೆ ಬೇಕಾಗಿಲ್ಲ ಬಿಡಿ, ಘಟ್ಟದಲ್ಲಿ ಲಾರಿ ಹಿಂದೆ ಮೂವತ್ತರಲ್ಲಿ ಹೋಗುವವರು ನಾವು. ಆದರೆ 55 ಬೇಕೇ ಬೇಕು. ಹಿಂದೆ ಅಡಿಕೆ ಚೀಲ ಕಟ್ಟಿಕೊಂಡು ಹೋಗುವ ಊರು ಇದು.

ಒಂಬತ್ತು ದಿನಕ್ಕೆ ಪಾರ್ಸೆಲ್ ಬಂತು. ಬಿಚ್ಚಿದರೆ ಟಯರು ಎಂಟರ ಆಕಾರಕ್ಕೆ ತಿರುಚಿಕೊಂಡಿತ್ತು. ಜಾಗ ಉಳಿಸೋಕೆ ಅಂತ ಹುರಿ ಕಟ್ಟಿ ಅದುಮಿ ಕಳಿಸಿದ್ದರು. ಎರಡು ದಿನ ಬಿಸಿಲಲ್ಲಿ ಬಿಟ್ಟೆ. ಅಷ್ಟೇನೂ ಸರಿಹೋಗಲಿಲ್ಲ. ಪಂಚರ್ ಅಂಗಡಿಗೆ ಒಯ್ದರೆ ಅಲ್ಲಿ ಬೇರೆ ತಕರಾರು. "ತರಿಸೋಕೆ ಮೊಬೈಲು ಬೇಕು, ಹಚ್ಚೋಕೆ ಮಾತ್ರ ನಾವು ಬೇಕು" ಅಂತ ಗೊಣಗುತ್ತಲೇ 200 ರೂಪಾಯಿ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಟ್ಯೂಬ್‌ಲೆಸ್ ಟಯರಿನ ಒಳ ಅಂಚು ರಿಮ್ಮಿಗೆ ಬಿಗಿಯಾಗಿ ಕೂರಬೇಕು, ಆಗಲೇ ಗಾಳಿ ನಿಲ್ಲೋದು. ತಿರುಚಿದ ಟಯರ್ ಕೂರುತ್ತಿರಲಿಲ್ಲ. ಎಷ್ಟು ಗಾಳಿ ಹೊಡೆದರೂ ಪಕ್ಕದಿಂದ ಸುಯ್ಯ್ ಅಂತ ಹೊರಗೆ. ಅರ್ಧ ಗಂಟೆ ಒದ್ದಾಡಿದ ಮೇಲೆ ಅವನು ನನ್ನ ಬೈಕಿನ ಕ್ಯಾರಿಯರಿಗೆ ಸುತ್ತಿಟ್ಟ ಹಗ್ಗ ನೋಡಿದ. ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಹಗ್ಗ ಅದು. ಅದನ್ನು ಟಯರಿನ ಮೈಮೇಲೆ, ನೆಲಕ್ಕೆ ತಾಗುವ ಭಾಗದ ಸುತ್ತ, ಒಂದು ಸುತ್ತು ಹಾಕಿದ. ಗಂಟಿನೊಳಗೆ ಟಯರ್ ಎಬ್ಬಿಸುವ ಕಬ್ಬಿಣದ ಲಿವರ್ ತೂರಿಸಿ ಹಿಂಡಿದ. ನಡುಭಾಗ ಒಳಗೆ ಒತ್ತಿತು, ಎರಡೂ ಅಂಚು ಹೊರಗೆ ಬಿಚ್ಚಿಕೊಂಡು ರಿಮ್ಮಿಗೆ ತಾಗಿದವು. ಮತ್ತೆ ಗಾಳಿ ಬಿಟ್ಟ. ಫಟ್! ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಫಟ್! ಆ ಎರಡು ಸದ್ದು ಕೇಳಿಸಿದರೆ ಕೂತಿತು ಅಂತ ಅರ್ಥ. ಉಳಿದಿದ್ದ ಮುನ್ನೂರು ರೂಪಾಯಿಯಲ್ಲಿ ಕೂಲಿ, ವಾಲ್ವು, ಚಾ, ಅರ್ಧ ದಿನದ ಕೆಲಸ ಎಲ್ಲ ಹೋಯಿತು. ಟಯರ್ ಮಾತ್ರ ಚೆನ್ನಾಗಿಯೇ ಬಾಳಿತು, ಸುಳ್ಳು ಹೇಳಬಾರದು.

ಹುಬ್ಬಳ್ಳಿಯದು 2023ರ ಆಗಸ್ಟ್. ಹೇಗೂ ಹೆಂಡತಿಯ ತಂಗಿ ಮನೆಗೆ ಹೋಗುವುದಿತ್ತು. ಅಲ್ಲಿ ದೊಡ್ಡ ಟಯರ್ ಅಂಗಡಿಗಳಿವೆ, ಮಾಲು ಬೇಗ ಖಾಲಿಯಾಗುತ್ತದೆ, ಹಾಗಾಗಿ ತಾಜಾ ಸ್ಟಾಕು. ನಾಲ್ಕು ತಿಂಗಳ ಹಿಂದಷ್ಟೇ ತಯಾರಾದ ಟಯರ್ ಸಿಕ್ಕಿತು. ದರವೂ ಕಡಿಮೆಯೇ. ಬರುವಾಗ ಬಸ್ಸಿನಲ್ಲಿ ಮಜಾ ಆಯಿತು. ಶಕ್ತಿ ಯೋಜನೆ ಶುರುವಾಗಿ ಎರಡು ತಿಂಗಳಾಗಿತ್ತು, ಕಾಲಿಡೋಕೆ ಜಾಗ ಇಲ್ಲ. ಹೆಂಡತಿಗೆ ಸೊನ್ನೆ ಟಿಕೆಟ್, ನನಗೆ ಪೂರ್ತಿ ಟಿಕೆಟ್, ಟಯರಿಗೆ ಲಗೇಜ್ ಟಿಕೆಟ್. ಮುಂಡಗೋಡದವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಇದಕ್ಕಾಗಿಯೇ ನೂರು ಕಿಲೋಮೀಟರ್ ಹೋಗಿ ಬರೋದು ಮಾತ್ರ ಶುದ್ಧ ದಡ್ಡತನ.

ಇನ್ನು ಕಳೆದ ನವೆಂಬರ್, ಅಂದರೆ 2025. ಬೇರೆ ಬೇರೆ ವರ್ಷದ ಬಿಲ್ ಪಕ್ಕಪಕ್ಕ ಇಟ್ಟು ಯಾವುದು ಸಸ್ತಾ ಅನ್ನುವುದು ನ್ಯಾಯ ಅಲ್ಲ. ಹಾಗಾಗಿ ಈ ಸಲ ಒಂದೇ ವಾರದಲ್ಲಿ, ಒಂದೇ ಕಂಪನಿಯ ಒಂದೇ ಟಯರಿಗೆ ನಾಲ್ಕೂ ಕಡೆ ವಿಚಾರಿಸಿದೆ. ಶೋರೂಮಿನಲ್ಲಿ 2,240, ಕೂಲಿ ತೆರಿಗೆ ಸೇರಿ 354, ವಾಲ್ವ್ 60. ಒಟ್ಟು 2,654. ಆನ್‌ಲೈನಿನಲ್ಲಿ 1,890, ಹಚ್ಚಲು 200, ವಾಲ್ವ್ 40. ಒಟ್ಟು 2,130. ಹುಬ್ಬಳ್ಳಿಯಲ್ಲಿ 1,850, ಇಲ್ಲಿ ಹಚ್ಚಿಸಲು ವಾಲ್ವ್ ಸೇರಿ ಅದೇ 240. ಬಸ್ ಚಾರ್ಜ್ ಬಿಟ್ಟು 2,090. ಶಿರಸಿಯ ಟಯರ್ ಅಂಗಡಿಯಲ್ಲಿ ಚೌಕಾಶಿ ಆದ ಮೇಲೆ 2,000, ಹಚ್ಚುವುದು ಅದರಲ್ಲೇ ಸೇರಿ. ವಾಲ್ವ್ 40.

ಟಯರಿನ ದರ ಮಾತ್ರ ನೋಡಿದರೆ ನಮ್ಮೂರು ಮೂರನೇ ಸ್ಥಾನ. ಚಕ್ರ ರಸ್ತೆಗಿಳಿಯುವ ಹೊತ್ತಿಗೆ ಒಟ್ಟು 2,040, ಅದೇ ಕಡಿಮೆ. ಆದರೆ ಆ 2,000 ಸುಮ್ನೆ ಸಿಕ್ಕಿದ್ದಲ್ಲ.

ಅಂಗಡಿಯವನು ಮೊದಲು ಮೇಲಿನ ಅಟ್ಟದಿಂದ ಇಳಿಸಿದ ಟಯರಿನ ಸ್ಟಿಕ್ಕರಿನಲ್ಲಿ 2,430 ಅಂತಿತ್ತು. "ನಿಮಗೆ ನೂರು ಬಿಡ್ತೆ" ಅಂದ. ನಾನು ಅಂಕಿ ಹುಡುಕಿದೆ. 2225. ಟಯರಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದ್ದು 2025ರ ಸೆಪ್ಟೆಂಬರ್ 22ಕ್ಕೆ. ಅದು ಆ ವರ್ಷದ 39ನೇ ವಾರ. ಹಾಗಾಗಿ 3825 ಅಥವಾ ಅದಕ್ಕಿಂತ ಹಿಂದಿನ ಅಂಕಿ ಇದ್ದರೆ, ಸ್ಟಿಕ್ಕರಿನಲ್ಲಿರುವುದು ಹಳೇ ತೆರಿಗೆಯ ದರ ಅಂತ ಲೆಕ್ಕ. 2,430ನ್ನು 1.28ರಿಂದ ಭಾಗಿಸಿ 1.18ರಿಂದ ಗುಣಿಸಿದರೆ 2,240. ಮೊಬೈಲಿನಲ್ಲಿ ಅವನ ಎದುರಿಗೇ ಮಾಡಿ ತೋರಿಸಿದೆ. ನೂರು ಬಿಡುತ್ತೇನೆ ಅಂದವನು ತೆರಿಗೆಯಲ್ಲೇ 190 ಇಟ್ಟುಕೊಂಡಿದ್ದ. ಬೇಕಂತಲೇ ಮಾಡಿದ್ದೋ, ಸ್ಟಿಕ್ಕರ್ ನೋಡಿ ಹೇಳಿದ್ದೋ, ಆ ತಕರಾರಿಗೆ ನಾನು ಹೋಗಲಿಲ್ಲ. ಅವನು ನಕ್ಕು, "ಎಂತ ಭಾವ, ಆಡಿಟರ್ ಆಗೂದು ಬಿಟ್ಟು ಇಲ್ಲಿ ಎಂತ ಮಾಡ್ತ್ರಿ?" ಅನ್ನುತ್ತಾ ಒಳಗಿನಿಂದ ಇನ್ನೊಂದು ತಂದ. 4125. ಅಕ್ಟೋಬರಿನದು. ಅಲ್ಲಿಂದ ಮಾತುಕತೆ ಸಲೀಸಾಯಿತು.

ತೆರಿಗೆ ಮಾತು ಬಂತಲ್ಲ, ಕಾರವಾರದ ಗೆಳೆಯನೊಬ್ಬನ ವಿಷಯ ಹೇಳಬೇಕು. ಪೆಟ್ರೋಲು ಸಸ್ತಾ ಅಂತ ಮಾಜಾಳಿ ದಾಟಿ ಗೋವಾದ ಪೋಳೆಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುವ ಗಿರಾಕಿ. ಟಯರೂ ಅಲ್ಲೇ ತಗೊಂಡರೆ ಲಾಭ ಅಂತ ಮಡಗಾಂವ್‌ವರೆಗೆ ಹೋಗಿ ಬಂದ. ಪೆಟ್ರೋಲಿಗೆ ಒಂದೊಂದು ರಾಜ್ಯದ್ದು ಒಂದೊಂದು ತೆರಿಗೆ. ಟಯರಿಗೆ ಜಿಎಸ್‌ಟಿ, ಇಡೀ ದೇಶಕ್ಕೆ ಒಂದೇ. ಹೋಗಿ ಬಂದ ಪೆಟ್ರೋಲು ದಂಡ.

ಎಲ್ಲಿಯೇ ತಗೊಳ್ಳಿ, ಹಚ್ಚುವಾಗ ಎದುರಿಗೆ ನಿಂತುಕೊಳ್ಳಿ. ಶೋರೂಮಿನ ಮೇಲೆ ನನ್ನ ದೊಡ್ಡ ದೂರು ದುಡ್ಡಿನದಲ್ಲ, ಒಳಗೆ ಬಿಡೋದಿಲ್ಲ ಅನ್ನುವುದು. ಪಂಚರ್ ಅಂಗಡಿಯಲ್ಲಿ ಕೆಲಸ ಕಣ್ಣೆದುರಿಗೇ ನಡೆಯುತ್ತದೆ. ಲಿವರ್ ಹಾಕುವಾಗ ರಿಮ್ಮಿಗೆ ಹಳೇ ಟ್ಯೂಬಿನ ತುಂಡು ಕೊಟ್ಟು ಹಾಕಿ ಅನ್ನಿ. ಇಲ್ಲದಿದ್ದರೆ ಅಲಾಯ್ ರಿಮ್ಮಿಗೆ ಗೀರು ಬೀಳುತ್ತದೆ, ಅಂಚಿನಲ್ಲಿ ಆಳವಾಗಿ ಬಿದ್ದರೆ ಗಾಳಿಯೂ ಸೋರುತ್ತದೆ. ಟಯರಿನ ಪಕ್ಕದಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಹಗುರ ಜಾಗದ ಗುರುತು, ಅದನ್ನು ವಾಲ್ವಿನ ನೇರಕ್ಕೆ ತರಿಸಿ. ವಾಲ್ವ್ ರಬ್ಬರಿನದಾದರೆ ಹೊಸದೇ ಹಾಕಿಸಿ. 40 ರೂಪಾಯಿಗೆ ಜಿಪುಣತನ ಮಾಡಿ ಆಮೇಲೆ ಯಾಣದ ಕ್ರಾಸಿನಲ್ಲಿ ರಾತ್ರಿ ಎಂಟಕ್ಕೆ ಗಾಡಿ ತಳ್ಳುವುದು ಯಾರಿಗೆ ಬೇಕು?

ಚಕ್ರ ಕೂರಿಸಿದ ಮೇಲೆ ಇನ್ನೊಂದಿದೆ. ನನ್ನ ಗಾಡಿಗೆ ಹಿಂದೆ ಡ್ರಮ್ ಬ್ರೇಕು. ಚಕ್ರ ಬಿಚ್ಚುವಾಗ ಬ್ರೇಕ್ ರಾಡಿನ ನಟ್ ತೆಗೆಯಲೇಬೇಕು. ವಾಪಸ್ ಹಾಕುವವರು ಎರಡು ಸುತ್ತು ತಿರುಗಿಸಿ ಬಿಟ್ಟುಬಿಡುತ್ತಾರೆ. ಅಂಗಡಿ ಬಿಡುವ ಮೊದಲು ಪೆಡಲ್ ಒತ್ತಿ ನೋಡಿ, ಚೈನ್ ಎಷ್ಟು ಸಡಿಲ ಇದೆ ಅಂತ ಬೆರಳಲ್ಲಿ ಎತ್ತಿ ನೋಡಿ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಎರಡೂ ಕಡೆಯ ಗೆರೆ ಒಂದೇ ಲೆಕ್ಕಕ್ಕಿದೆಯಾ ಅಂತ ನೋಡಿ. ಚಕ್ರ ಸೊಟ್ಟ ಕೂತರೆ ಹೊಸ ಟಯರ್ ಒಂದೇ ಬದಿ ಸವೆಯುತ್ತದೆ. ಅಂಚು ಕೂರಿಸೋಕೆ ಜಾಸ್ತಿ ಗಾಳಿ ಹೊಡೆದಿರುತ್ತಾರೆ, ಅದನ್ನು ಇಳಿಸಿಕೊಳ್ಳಿ. ಪಲ್ಸರಿಗೆ ಗಾಳಿ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಾದರೆ 32. ಮೊದಲ ನೂರು ಕಿಲೋಮೀಟರ್ ಮೈಮೇಲಿನ ಜಾರು ಹೋಗುವವರೆಗೆ ಗಾಡಿ ಜಾಸ್ತಿ ವಾಲಿಸಬೇಡಿ. ಸೀದಾ ಘಟ್ಟಕ್ಕೆ ಇಳಿಸಲೇಬೇಡಿ.

'ಸ್ವಲ್ಪ ಅಗಲದ್ದು ಹಾಕಿ, ಗ್ರಿಪ್ ಬರ್ತದೆ' ಅನ್ನುವವರು ಎಲ್ಲ ಅಂಗಡಿಯಲ್ಲೂ ಇದ್ದಾರೆ. ರಿಮ್ ಅಷ್ಟೇ ಇರುತ್ತದೆ, ಅಗಲದ ಟಯರ್ ಅದರಲ್ಲಿ ಹಿಂಡಿಕೊಂಡು ಕೂರುತ್ತದೆ. ಬೇಡ. ಮೈತುಂಬ ದಪ್ಪ ಉಬ್ಬುಗಳಿರುವ ಬಟನ್ ಟಯರು ತೋಟದ ಕೆಸರಿಗೆ ಒಳ್ಳೆಯದು, ಒದ್ದೆ ಡಾಂಬರಿಗೆ ಅಲ್ಲ. ರೀಸೋಲ್ ಮಾಡಿದ್ದನ್ನಂತೂ, ಅಂದರೆ ಸವೆದ ಟಯರಿಗೆ ಹೊಸ ರಬ್ಬರು ಅಂಟಿಸಿದ್ದನ್ನು, ಕೇಳಲೇಬೇಡಿ.

ಹೆಂಡತಿಯ ಹಳೇ ಆ್ಯಕ್ಟಿವಾಕ್ಕೆ ಮಾತ್ರ ನಾನು ಇಷ್ಟೆಲ್ಲ ತಲೆ ಕೆಡಿಸಿಕೊಂಡಿಲ್ಲ. 90/100-10, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬೇಗ ಖರ್ಚಾಗುವ ಅಳತೆ ಆದ್ದರಿಂದ ಹಳೇ ಸ್ಟಾಕೂ ಕಡಿಮೆ. ಅಂಕಿ ನೋಡಿ ಹಾಕಿಸಿದರೆ ಆಯಿತು.

ಪಲ್ಸರಿನ ಮುಂದಿನ ಚಕ್ರದ ಟಯರ್ ಬದಲಿಸುವುದು ಇನ್ನೂ ಬಾಕಿ ಇದೆ. ಗೀರಿನ ನಡುವೆ ಸವೆತ ತೋರಿಸುವ ಉಬ್ಬು ಇರುತ್ತದಲ್ಲ, ರಬ್ಬರು ಅದರ ಮಟ್ಟಕ್ಕೆ ಬಂದರೆ ಟಯರ್ ಮುಗಿದ ಹಾಗೆ. ದ್ವಿಚಕ್ರಕ್ಕೆ ಕಾನೂನಿನ ಪ್ರಕಾರ ಕನಿಷ್ಠ 0.8 ಮಿಲಿಮೀಟರ್ ಆಳ ಇರಬೇಕು. ನನ್ನದು ಹತ್ತಿರಕ್ಕೆ ಬಂದಿದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಹಾಕಿಸಬೇಕು. ಅಂಗಡಿಯವನಿಗೆ ಅಳತೆ ಬರೆದು ಕೊಟ್ಟು ಬಂದಿದ್ದೇನೆ. "ಹೊಸ ಸ್ಟಾಕ್ ಬಂದಾಗ ಅಂಕಿ ನೋಡಿಯೇ ಫೋನ್ ಮಾಡ್ತೆ ಭಾವ" ಅಂದಿದ್ದಾನೆ.