ಗುಣಾಕಾರದ ಗುರುತು ಬಂದ್ರೆ ಒತ್ತಬೇಡ: ಮಗಳ ಗಮನ ಅಳೆದ ಪರೀಕ್ಷೆಗಳು

ನಮ್ಮ ಮಗಳು ಗಲಾಟೆ ಮಾಡುವ ಹುಡುಗಿ ಅಲ್ಲ. ಅದರಿಂದಲೇ ನಮಗೆ ತಡವಾಗಿ ಗೊತ್ತಾಯಿತು. ಬಾಗಲಕೋಟೆಯ ನವನಗರದ ನಮ್ಮ ಮನೆ ಮುಂದೆ ಒಂದು ಬೇವಿನ ಮರ ಇದೆ. ಅದನ್ನೇ ನೋಡುತ್ತ ಒಂದು ಲೆಕ್ಕಕ್ಕೆ ಮುಕ್ಕಾಲು ಗಂಟೆ ಕೂರುತ್ತಾಳೆ. ಈ ವರ್ಷದ್ದು ಮೂರನೇ ಕಂಪಾಸ್ ಬಾಕ್ಸ್. ಅವಳ ಅಜ್ಜಿ ಮಾತ್ರ "ಕೂಸು ಭಾಳ ಶಾಂತ ಐತಿ" ಎಂದು ಹೆಮ್ಮೆ ಪಡುತ್ತಾರೆ.

ಹತ್ತು ವರ್ಷ, ಐದನೇ ತರಗತಿ, ಕನ್ನಡ ಮಾಧ್ಯಮ. ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಅಂದರೆ ಬೆಂಚಿನ ಮೇಲೆ ಹತ್ತಿ ಕುಣಿಯುವ ಹುಡುಗ ಎಂದೇ ನಾನೂ ತಿಳಿದಿದ್ದೆ. ಕುಣಿಯದೆ, ಬರೀ ಗಮನ ಜಾರುವ ಬಗೆಯೂ ಇದೆ. ಅದು ಗೊತ್ತಾದ ಮೇಲೆ ಒಂದೂವರೆ ವರ್ಷದಲ್ಲಿ ಬೆಳಗಾವಿ, ಹುಬ್ಬಳ್ಳಿ, ಧಾರವಾಡ ಸುತ್ತಿದೆವು. ಎರಡು ಕಂಪ್ಯೂಟರ್ ಪರೀಕ್ಷೆ, ಒಂದು ಕಾಗದದ ಪರೀಕ್ಷೆ, ಕೊನೆಗೆ ಪ್ರಶ್ನೆಗಳ ಹಾಳೆ. ಯಾವುದು ಏನು ಹೇಳಿತು, ಯಾವುದು ಏನು ಮುಚ್ಚಿಟ್ಟಿತು ಅಂತ ಬರೆಯುತ್ತಿದ್ದೇನೆ.

ಮೊದಲು ಬೆಳಗಾವಿ. ಬೆಳಗ್ಗೆ ಐದಕ್ಕೆ ಎದ್ದು, ಲೋಕಾಪುರ, ಯರಗಟ್ಟಿ ದಾರಿಯ ಬಸ್ಸಿನಲ್ಲಿ ಹೋದೆವು. ಅಲ್ಲಿ ಮಾಡಿದ್ದು ಕಾನರ್ಸ್ ಸಿಪಿಟಿ ಎಂಬ ಕಂಪ್ಯೂಟರ್ ಪರೀಕ್ಷೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಕಾಲು ಸೆಕೆಂಡು ಮಿಂಚಿ ಹೋಗುತ್ತವೆ. ಯಾವ ಅಕ್ಷರ ಬಂದರೂ ಸ್ಪೇಸ್‌ಬಾರ್ ಒತ್ತಬೇಕು. ಎಕ್ಸ್ ಬಂದರೆ ಮಾತ್ರ ಕೈ ತಡೆಯಬೇಕು. ಒಟ್ಟು 360 ಅಕ್ಷರ, 14 ನಿಮಿಷ. ಎರಡು ಅಕ್ಷರಗಳ ನಡುವಿನ ಬಿಡುವು ಒಂದೇ ಸಮ ಇರುವುದಿಲ್ಲ. ಒಮ್ಮೆ 1 ಸೆಕೆಂಡು, ಒಮ್ಮೆ 2, ಒಮ್ಮೆ 4. ಕೈ ಒಂದು ತಾಳಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ತಾಳ ಬದಲಾಗುತ್ತದೆ.

ಇಂಗ್ಲಿಷ್ ಅಕ್ಷರ ಎಂದ ಕೂಡಲೇ ನನಗೆ ಭಯವಾಯಿತು. ಮಗಳಿಗೆ ಏನೂ ಆಗಲಿಲ್ಲ. "ಗುಣಾಕಾರದ ಗುರುತು ಬಂದ್ರ ಒತ್ತಬಾರದು, ಅಷ್ಟೇ ಅಲ್ಲೇನು?" ಎಂದು ತಾನೇ ಕೇಳಿದಳು. ಎಕ್ಸ್ ಅನ್ನು ಅವಳು ಅಕ್ಷರವಾಗಿ ನೋಡಲೇ ಇಲ್ಲ. ಇದು ಫಲಿತಾಂಶದ ಮೇಲೆ ಏನು ಮಾಡಿತೋ, ಯಾರೂ ಆ ಬಗ್ಗೆ ಬರೆದುಕೊಳ್ಳಲಿಲ್ಲ. ಅಂಕ ಹೋಲಿಸುವುದಂತೂ ಅಮೆರಿಕದ ಮಕ್ಕಳ ಅಂಕದ ಜೊತೆ.

ಅರ್ಧ ಗಂಟೆಯಲ್ಲಿ ಬಣ್ಣದ ಪ್ರಿಂಟೌಟ್ ಬಂತು. ಹೆಚ್ಚು ಕಡಿಮೆ ಎಲ್ಲ ಗೆರೆಗಳೂ ಸಾಮಾನ್ಯ ಮಟ್ಟದಲ್ಲೇ ಇದ್ದವು. "ಎಡಿಎಚ್‌ಡಿ ಇಲ್ಲ, ಶಿಸ್ತು ಕಲಿಸಿ" ಎಂದು ಕಳಿಸಿಬಿಟ್ಟರು. ಶಾಲೆಯ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಊರಿಗೆ ಬಂದ ಮೇಲೆ ಅಜ್ಜಿ ಗೆದ್ದರು. ನಾವು ಆರು ತಿಂಗಳು ಶಿಸ್ತು ಕಲಿಸಿದೆವು. ಆ ಆರು ತಿಂಗಳ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಇಂಥ ಪರೀಕ್ಷೆಯಲ್ಲಿ ಸಾಮಾನ್ಯ ಅಂಕ ಬಂದ ಮಾತ್ರಕ್ಕೆ ಎಡಿಎಚ್‌ಡಿ ಇಲ್ಲ ಎನ್ನಲು ಬರುವುದಿಲ್ಲ. ಕೆಟ್ಟ ಅಂಕ ಬಂದ ಮಾತ್ರಕ್ಕೆ ಇದೆ ಎನ್ನಲೂ ಬರುವುದಿಲ್ಲ. ನಿದ್ದೆಗೆಟ್ಟ ಮಗು, ಚಿಂತೆಯಲ್ಲಿರುವ ಮಗು, ಕಣ್ಣು ಸರಿ ಕಾಣದ ಮಗು, ಎಲ್ಲರೂ ತಪ್ಪು ಮಾಡುತ್ತಾರೆ.

ಎರಡನೆಯದು ಹುಬ್ಬಳ್ಳಿಯಲ್ಲಿ, ಟೋವಾ ಎಂಬ ಪರೀಕ್ಷೆ. ಇದರಲ್ಲಿ ಅಕ್ಷರವೇ ಇಲ್ಲ. ಒಂದು ಚೌಕ, ಅದರೊಳಗೆ ಪುಟ್ಟ ಚೌಕ. ಪುಟ್ಟದು ಮೇಲ್ಗಡೆ ಇದ್ದರೆ ಕೈಯಲ್ಲಿರುವ ಗುಂಡಿ ಒತ್ತಬೇಕು, ಕೆಳಗಡೆ ಇದ್ದರೆ ಸುಮ್ಮನಿರಬೇಕು. ಚಿತ್ರ ನಿಲ್ಲುವುದು ಸೆಕೆಂಡಿನ ಹತ್ತರಲ್ಲೊಂದು ಪಾಲು. ಹೀಗೆ 22 ನಿಮಿಷಕ್ಕೆ ತುಸು ಕಡಿಮೆ. ಕನ್ನಡ ಮಾಧ್ಯಮದ ಮಗುವಿಗೆ ಇದೇ ವಾಸಿ ಎಂದು ನೋಡಿದ ಕೂಡಲೇ ಅನ್ನಿಸಿತು.

ಆದರೆ ಅಸಲಿ ವ್ಯತ್ಯಾಸ ಬೇರೆ ಕಡೆ ಇತ್ತು. ಟೋವಾದ ಮೊದಲ ಅರ್ಧದಲ್ಲಿ ಒತ್ತಬೇಕಾದ ಚಿತ್ರ ಬರುವುದೇ ಅಪರೂಪ, ನೂರಕ್ಕೆ ಸುಮಾರು 22 ಸಲ. ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತ ಹಾಗೆ. ಎರಡನೇ ಅರ್ಧದಲ್ಲಿ ಲೆಕ್ಕ ಉಲ್ಟಾ. ಒತ್ತುತ್ತಲೇ ಇರಬೇಕು, ನಡುನಡುವೆ ತಡೆಯಬೇಕು. ಮೊದಲ ಅರ್ಧ ಗಮನ ತೂಕಡಿಸುವುದನ್ನು ಹಿಡಿಯುತ್ತದೆ, ಎರಡನೆಯದು ಕೈ ದುಡುಕುವುದನ್ನು. ಬೆಳಗಾವಿಯಲ್ಲಿ ಮಾಡಿದ ಅಕ್ಷರದ ಪರೀಕ್ಷೆ ಪೂರ್ತಿಯಾಗಿ ಈ ಎರಡನೇ ಅರ್ಧದ ಜಾತಿಗೆ ಸೇರಿದ್ದು. ಒತ್ತುತ್ತಲೇ ಇದ್ದರೆ ನಮ್ಮ ಹುಡುಗಿ ಎಚ್ಚರವಾಗಿಯೇ ಇರುತ್ತಾಳೆ. ಟೋವಾದಲ್ಲೂ ಹಾಗೇ ಆಯಿತು. ಎರಡನೇ ಅರ್ಧ ಚೆನ್ನಾಗಿತ್ತು. ಮೊದಲ ಅರ್ಧದಲ್ಲಿ ಚಿತ್ರ ಬಂದು ಹೋಗಿದೆ, ಗುಂಡಿ ಒತ್ತಿಲ್ಲ, ಮತ್ತೆ ಮತ್ತೆ. ಒತ್ತಿದಾಗಲೂ ಒಮ್ಮೆ ಬೇಗ, ಒಮ್ಮೆ ತೀರಾ ತಡ. ಈ ಏರುಪೇರನ್ನು ಮಿಲಿಸೆಕೆಂಡಿನಲ್ಲಿ ಹಿಡಿಯುವುದು ಯಂತ್ರಕ್ಕೆ ಮಾತ್ರ ಸಾಧ್ಯ. ಇದು ನಾನು ಒಪ್ಪುವ ಮಾತು.

ಹುಬ್ಬಳ್ಳಿಯವರು ನನ್ನನ್ನೂ ಕೂರಿಸಿದರು. ಎಂಟನೇ ನಿಮಿಷಕ್ಕೆ ನಾನು ಮನೆಯಲ್ಲಿ ಹಾಲು ಫ್ರಿಜ್ಜಿನಲ್ಲಿ ಇಟ್ಟಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅಂಕ ಕೇಳಬೇಡಿ!

ರಿಪೋರ್ಟ್ ಓದುವಾಗ ಒಂದು ವಿಷಯ ನೆನಪಿಡಿ. ಕಾನರ್ಸ್‌ನಲ್ಲಿ 50 ಸರಾಸರಿ, ಅಂಕ ಮೇಲೆ ಹೋದಷ್ಟೂ ತೊಂದರೆ ಜಾಸ್ತಿ. ಟೋವಾದಲ್ಲಿ 100 ಸರಾಸರಿ, ಕೆಳಗೆ ಇಳಿದಷ್ಟೂ ತೊಂದರೆ. ನಾನು ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು ಒಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿದ್ದೆ.

ತಲೆಗೆ ಪಟ್ಟಿ ಕಟ್ಟಿ, ಕ್ಯಾಮೆರಾದಿಂದ ಅಲುಗಾಟವನ್ನೂ ಅಳೆಯುವ ಕ್ಯೂಬಿಟೆಸ್ಟ್ ಎಂಬುದೂ ಇದೆ. ಚಿಕಿತ್ಸೆ, ಪರೀಕ್ಷೆಗಳ ಬಗ್ಗೆ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2024ರಲ್ಲಿ 6ರಿಂದ 17 ವರ್ಷದವರಿಗೆ, ವೈದ್ಯರ ಪೂರ್ಣ ತಪಾಸಣೆಯ ಜೊತೆಗೆ ಅದನ್ನು ಬಳಸಬಹುದು ಎಂದಿತು. ನಾವು ಮಾಡಿಸಲಿಲ್ಲ. ಕಲ್ಲಿನ ಹಾಗೆ ಕೂರುವ ಹುಡುಗಿಯ ಅಲುಗಾಟ ಅಳೆದು ಏನು ಮಾಡೋದು?

ಧಾರವಾಡದಲ್ಲಿ ಕಂಪ್ಯೂಟರೇ ಇರಲಿಲ್ಲ. ಒಂದು ಹಾಳೆ, ಅದರಲ್ಲಿ ಸಾಲು ಸಾಲಾಗಿ ಐದು ಬಣ್ಣದ ವೃತ್ತಗಳು. ಕೆಂಪು, ಹಳದಿ ಮಾತ್ರ ಹೊಡೆದು ಹಾಕಬೇಕು, ಆದಷ್ಟು ಬೇಗ. ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಒಬ್ಬರು. ಬೆಂಗಳೂರಿನ ನಿಮ್ಹಾನ್ಸ್‌ನವರು ಮಕ್ಕಳಿಗಾಗಿ ಜೋಡಿಸಿದ ಪರೀಕ್ಷೆಗಳ ಕಂತೆಯಲ್ಲಿ ಇದೂ ಇದೆ. ಖರ್ಚು ತೀರಾ ಕಡಿಮೆ. ಬೇಗ ಮುಗಿಯುತ್ತದೆ, ಹಾಗಾಗಿ ದೀರ್ಘ ಗಮನದ ಬಗ್ಗೆ ಇದು ಜಾಸ್ತಿ ಹೇಳಲಾರದು. ಮಗಳು ಚೆನ್ನಾಗಿಯೇ ಮಾಡಿದಳು. ಆದರೆ ಪಕ್ಕದಲ್ಲಿ ಕೂತವರು ಯಂತ್ರ ನೋಡದ್ದನ್ನು ನೋಡಿದರು. ನಾಲ್ಕನೇ ಸಾಲಿನಲ್ಲಿ ಅವಳು ಕಿಟಕಿ ಕಡೆ ತಿರುಗಿದ್ದು, "ಇಲ್ಲಿ" ಎಂದು ಬೆರಳು ತೋರಿಸಿದಾಗ ಬೆಚ್ಚಿ ಬಿದ್ದು ಮತ್ತೆ ಶುರು ಮಾಡಿದ್ದು.

ಅವರೇ ಕೊಟ್ಟದ್ದು ಪ್ರಶ್ನೆಗಳ ಹಾಳೆ. ಒಂದು ನಮಗೆ, ಒಂದು ಕ್ಲಾಸ್ ಟೀಚರಿಗೆ. ವೈದ್ಯರು ಎಡಿಎಚ್‌ಡಿ ಎನ್ನುವುದು ಇಂಥ ಹಾಳೆ, ಮಾತುಕತೆಯಿಂದ ತಿಳಿಯುವ ಲಕ್ಷಣಗಳ ಆಧಾರದ ಮೇಲೆ, ಬರೀ ಯಂತ್ರದ ಮೇಲೆ ಅಲ್ಲ. ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಮಕ್ಕಳಿಗೆ ಕನಿಷ್ಠ 6 ಇರಬೇಕು, 6 ತಿಂಗಳಾದರೂ ಇದ್ದಿರಬೇಕು, ಕೆಲವಾದರೂ 12 ವರ್ಷದೊಳಗೆ ಕಂಡಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ಅದರಿಂದ ಓದಿಗೋ ಬದುಕಿಗೋ ತೊಡಕಾಗುತ್ತಿರಬೇಕು. ಎಸಿ ಹಾಕಿದ ಒಂದು ಸದ್ದಿಲ್ಲದ ಕೋಣೆಯ 14 ನಿಮಿಷದಲ್ಲಿ ಇದರಲ್ಲಿ ಎಷ್ಟು ಗೊತ್ತಾದೀತು?

ಹಾಳೆ ಇಂಗ್ಲಿಷಿನಲ್ಲಿತ್ತು. ಟೀಚರಮ್ಮ ಗುರುತು ಹಾಕಿ, ಸಾಲದು ಅನ್ನಿಸಿತೋ ಏನೋ, ಹಿಂದೆ ಪೆನ್ನಿನಲ್ಲಿ ಬರೆದಿದ್ದರು: "ಕರೆದರ ಮೂರನೇ ಸಲಕ್ಕ ತಿರುಗಿ ನೋಡತಾಳ. ಉತ್ತರ ಗೊತ್ತಿರತೈತಿ. ಪ್ರಶ್ನಿ ಯಾವುದು ಅಂತ ಗೊತ್ತಿರಂಗಿಲ್ಲ." ಒಂದೂವರೆ ವರ್ಷದಲ್ಲಿ ಮಗಳ ಬಗ್ಗೆ ನಾನು ಓದಿದ ಅತಿ ಸರಿಯಾದ ವರದಿ ಅದು. ಧಾರವಾಡದ ಡಾಕ್ಟರು ಅದನ್ನು ಎರಡು ಸಲ ಓದಿದರು. ಆಮೇಲೆ ಹುಬ್ಬಳ್ಳಿಯ ಗ್ರಾಫ್ ಕೇಳಿದರು. ಬೆಳಗಾವಿಯದನ್ನು ನೋಡಿ ಪಕ್ಕಕ್ಕಿಟ್ಟರು.

ದುಡ್ಡು ಒಂದಕ್ಕೇ ಇದ್ದರೆ ಏನು ಮಾಡಿಸಲಿ ಎಂದು ಓರಗಿತ್ತಿ ಕೇಳಿದಳು. ಯಂತ್ರ ಬೇಡ ಎಂದೆ. ಟೀಚರಿಗೆ ಹಾಳೆ ಕೊಡಿಸಿ, ನಿಧಾನವಾಗಿ ಮಾತಾಡಿಸುವ ಡಾಕ್ಟರನ್ನು ಹುಡುಕು. ಅವರೇ ಕೇಳಿದರೆ ಟೋವಾ ಮಾಡಿಸು. ಊಟ, ನಿದ್ದೆ ಆದ ಮೇಲೆ. ಬಸ್ಸಿಳಿದ ಕೂಡಲೇ ಬೇಡ.

ನಿನಗೆ ಯಾವುದು ಸೇರಿತು ಎಂದು ಮಗಳನ್ನೂ ಕೇಳಿದೆ. ಬಣ್ಣದ ವೃತ್ತ ಎಂದಳು. ಯಾಕೆ? "ಇನ್ನೂ ಎಷ್ಟು ಉಳದೈತಿ ಅಂತ ಕಾಣತೈತಿ. ಆ ಕಂಪ್ಯೂಟರ್‌ದಾಗ ಗೊತ್ತ ಆಗಂಗಿಲ್ಲ." ಆವತ್ತಿನಿಂದ ಮನೆಯಲ್ಲಿ ಲೆಕ್ಕದ ಪುಸ್ತಕದ ಮೇಲೊಂದು ಖಾಲಿ ಹಾಳೆ ಮುಚ್ಚಿಡುತ್ತೇವೆ. ಐದು ಲೆಕ್ಕ ಮಾತ್ರ ಹೊರಗೆ ಕಾಣುತ್ತವೆ. ಮುಗಿಸಿದ ಮೇಲೆ ಅವಳೇ ಹಾಳೆಯನ್ನು ಕೆಳಗೆ ಸರಿಸುತ್ತಾಳೆ.