ಲೀಮರ್ ಚಾರ್ಟ್: 350 ರೂಪಾಯಿಗೆ ಮೋಸ ಇಲ್ಲ, ಆದರೆ ಪಕ್ಕದಲ್ಲೊಂದು ಪೆನ್ನು ಇರಲಿ

ಅಪ್ಪಾ ಬಳವಂತ ಚೌಕಕ್ಕೆ ಮಗಳ ಆರನೇ ಕ್ಲಾಸಿನ ಪುಸ್ತಕ ತರಲು ಹೋಗಿದ್ದೆ. ಪುಣೆಯವರಿಗೆ ಗೊತ್ತು, ಜೂನ್ ತಿಂಗಳಲ್ಲಿ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಅಂಥದ್ದರಲ್ಲಿ ಅಂಗಡಿ ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಈ ಗೋಡೆ ಚಾರ್ಟ್ ಬೇಕೇ ಬೇಕು ಅಂತ ಅವಳು ಹಟ ಹಿಡಿದಳು. ವಿಷಯ ದ್ವೀಪಗಳ ಪ್ರೈಮೇಟ್‌ಗಳು, ಅಂದರೆ ಕೋತಿ, ಲೀಮರ್ (ಮಡಗಾಸ್ಕರ್ ದ್ವೀಪದ ಮರವಾಸಿ ಪ್ರಾಣಿ), ನಾವು ಎಲ್ಲ ಸೇರಿದ ಕುಟುಂಬದಲ್ಲಿ ದ್ವೀಪ ಸೇರಿಕೊಂಡವರು. ಚೌಕಾಸಿ ನಡೆಯಲಿಲ್ಲ.

ಮಡಗಾಸ್ಕರ್ ಭಾಗಕ್ಕೇ ದುಡ್ಡು ವಸೂಲಾಯಿತು. ಆಫ್ರಿಕಾದಿಂದ ಸುಮಾರು 400 ಕಿ.ಮೀ. ಸಮುದ್ರ, ಅದರಲ್ಲಿ ತೇಲಿ ಬಂದ ಮರಗಿಡಗಳ ಮೇಲೆ ಕೂತು ಕೋಟ್ಯಂತರ ವರ್ಷಗಳ ಹಿಂದೆ ಲೀಮರ್‌ಗಳ ಪೂರ್ವಜರು ದಾಟಿರಬೇಕು ಅನ್ನುವ ಚಿತ್ರ ಚೆನ್ನಾಗಿದೆ. ಅಲ್ಲಿ ಪೈಪೋಟಿಗೆ ಕೋತಿಗಳೇ ಇರಲಿಲ್ಲ. ಒಂದು ಕಡೆ ಮಳೆಕಾಡು, ಇನ್ನೊಂದು ಕಡೆ ಮುಳ್ಳುಕಾಡು, ಒಬ್ಬೊಬ್ಬರು ಒಂದೊಂದು ಊಟ ಹಿಡಿದುಕೊಂಡರು, ಈಗ ನೂರಕ್ಕೂ ಜಾಸ್ತಿ ಜಾತಿಗಳು. ಒಂದು ಬಿದಿರನ್ನೇ ತಿನ್ನುತ್ತದೆ, ಅದರಲ್ಲಿ ಸಯನೈಡ್ ಇದ್ದರೂ! ಇನ್ನೊಂದು ಬಾಲದಲ್ಲಿ ಕೊಬ್ಬು ತುಂಬಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಅಯ್-ಅಯ್ ಅನ್ನುವ ಲೀಮರ್‌ನ ಚಿತ್ರವಂತೂ ಬಹಳ ಹತ್ತಿರದಿಂದ ಬರೆದದ್ದು. ಕಡ್ಡಿಯಂಥ ನಡುಬೆರಳಿನಿಂದ ಮರ ತಟ್ಟಿ, ಒಳಗೆ ಹುಳ ಎಲ್ಲಿದೆ ಅಂತ ಕಿವಿಗೊಟ್ಟು, ಹಲ್ಲಿನಿಂದ ತೂತು ಕೊರೆದು, ಅದೇ ಬೆರಳಿನಿಂದ ಹುಳ ಎಳೆಯುತ್ತದಲ್ವಾ, ಅದನ್ನು ನಾಲ್ಕು ಚೌಕದಲ್ಲಿ ತೋರಿಸಿದ್ದಾರೆ. ಅಲ್ಲಿ ಮರಕುಟಿಕ ಇಲ್ಲ, ಆ ಕೆಲಸ ಇದೇ ಮಾಡುತ್ತದೆ. ಎರಡು ದಿನ ಮಗಳ ಕೈಲಿ ನಮ್ಮನೆ ಬೀರು, ಬಾಗಿಲು, ನನ್ನ ತಲೆ ಎಲ್ಲಾ ತಟ್ಟಿಸಿಕೊಂಡವು.

ಈಗ ತಪ್ಪುಗಳು. ಎಲ್ಲಾ ಚಿತ್ರ ಒಂದೇ ಸೈಜು. ಬರ್ತ್ ಇಲಿ ಲೀಮರ್ ಸುಮಾರು 30 ಗ್ರಾಂ, ಒಂದು ಪುಟ್ಟ ನಿಂಬೆಹಣ್ಣಿನ ತೂಕ. ಇಂದ್ರಿ ಅನ್ನುವ ದೊಡ್ಡ ಲೀಮರ್ ಅದರ ನೂರಾರು ಪಟ್ಟು. ಇಲ್ಲಿ ಇಬ್ಬರೂ ಭುಜಕ್ಕೆ ಭುಜ ಕೊಟ್ಟು ಕೂತಿದ್ದಾರೆ. ಗೊರಿಲ್ಲಾ ಗಾತ್ರದ ಲೀಮರ್ ಕೂಡ ಅಲ್ಲಿತ್ತು, ಮನುಷ್ಯ ಬಂದಮೇಲೆ ಅಂಥವೆಲ್ಲಾ ಅಳಿದವು. ಅದರ ಹೆಸರೂ ಇಲ್ಲ.

ಇಂಡೋನೇಷ್ಯಾದ ಸುಲಾವೆಸಿಯಲ್ಲಿ ಪೂರ್ತಿ ಎಡವಿದ್ದಾರೆ. ಆ ದ್ವೀಪ ಕೈಕಾಲು ಚಾಚಿ ಮಲಗಿದ ಹಾಗಿದೆ. ಅಲ್ಲಿ ಏಳು ಜಾತಿ ಕೋತಿಗಳು ಒಂದೊಂದು ಭಾಗ ಹಂಚಿಕೊಂಡಿವೆ, ಗಡಿಯಲ್ಲಿ ಅಕ್ಕಪಕ್ಕದವು ಬೆರೆತು ಮರಿಯನ್ನೂ ಹಾಕುತ್ತವೆ. ದ್ವೀಪದೊಳಗೇ ದ್ವೀಪ ಇದ್ದ ಹಾಗೆ. ಚಾರ್ಟಿನಲ್ಲಿ ಒಂದೇ ಚಿತ್ರ, ಅದೂ ಕಪ್ಪು ಜುಟ್ಟಿನದು, ಕೆಳಗೆ ‘ಬಾಲವಿಲ್ಲದ ವಾನರ’ ಅಂತ, ಅಂದರೆ ಗೊರಿಲ್ಲಾ, ಚಿಂಪಾಂಜಿಗಳ ಗುಂಪಿನದು ಅನ್ನುವ ಅರ್ಥದಲ್ಲಿ. ಅದು ಕೋತಿ ಸ್ವಾಮಿ, ಮೋಟು ಬಾಲ ಇದೆ! ವಾಪಸ್ ಹೋಗಿ ಕೇಳಿದರೆ ಅಂಗಡಿಯವರು ‘ಪ್ರಿಂಟ್ ನಮ್ಮದಲ್ಲ ಸಾಹೇಬ್’ ಅಂದರು. ಅದೂ ನಿಜ ಬಿಡಿ.

ಶ್ರೀಲಂಕಾಕ್ಕೆ ಎರಡೇ ಸಾಲು. ಅಲ್ಲಿನ ಟೋಕ್ ಕೋತಿಯ ತಲೆಗೂದಲು ನೋಡಿದರೆ ನಮ್ಮೂರ ದೇವಸ್ಥಾನದ ಕೋತಿಯ ತಮ್ಮ ಅನ್ನಿಸುತ್ತದೆ, ಸಂಬಂಧವೂ ಹತ್ತಿರದ್ದೇ. ಹಿಂದೆ ಹಿಮಯುಗದಲ್ಲಿ ಸಮುದ್ರ ಮಟ್ಟ ಇಳಿದಾಗ ನಮ್ಮ ಕಡೆಯಿಂದ ನಡೆದು ಹೋಗುವಷ್ಟು ದೂರ. ಇದನ್ನು ಬರೆಯಲು ಜಾಗವಿತ್ತು, ಸುಮ್ನೆ ತೆಂಗಿನಮರ ಬಿಡಿಸಿದ್ದಾರೆ.

ವಿಡಿಯೋ ಕಾಲ್‌ನಲ್ಲಿ ತುಮಕೂರಿನ ಅಮ್ಮ ಚಾರ್ಟ್ ನೋಡಿ, ‘ಇದು ನಮ್ಮ ಕಾಡುಪಾಪದ ಕಣ್ಣಲ್ವೇನೋ’ ಅಂದರು. ಸರಿಯಾಗೇ ಗುರುತಿಸಿದರು. ಕಾಡುಪಾಪ ಲೀಮರ್‌ಗಳ ನೆಂಟನೇ, ಕೆಳಗಿನ ಮುಂದಿನ ಹಲ್ಲು ಬಾಚಣಿಗೆಯ ಹಾಗಿರುವುದು ಇಬ್ಬರಿಗೂ ಇದೆ. ಮಗಳು ತೆಂಗಿನಮರದ ಮೇಲೆ ಬಿಳಿ ಕಾಗದ ಅಂಟಿಸಿ ಕಾಡುಪಾಪ ಬರೆದಿದ್ದಾಳೆ, ಕಣ್ಣು ಮಾತ್ರ ಸ್ವಲ್ಪ ಜಾಸ್ತಿ ದೊಡ್ಡದಾಗಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ತಗೊಳ್ಳುವವರು ಸುರುಳಿ ಬಿಚ್ಚಿಸಿ ಮಡಿಕೆ ನೋಡಿ. ಲ್ಯಾಮಿನೇಷನ್ ಮ್ಯಾಟ್ ಮಾಡಿಸಿ, ನಾವು ಹೊಳಪಿನದು ಮಾಡಿಸಿ ಈಗ ಟ್ಯೂಬ್‌ಲೈಟ್ ಹಾಕಿದರೆ ಇಂದ್ರಿ ಕಾಣುವುದೇ ಇಲ್ಲ.