ಸಿಲಿಕೋನ್ ಹೀಲ್ ಕಪ್: 14 ತಿಂಗಳ ಬಳಕೆಯ ನಂತರ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುವ ಅಭ್ಯಾಸವಿದ್ದ ನಾನು, 10 ಕಿಲೋಮೀಟರ್ ಓಟವೊಂದಕ್ಕೆ ಸಿದ್ಧನಾಗುವ ಆತುರದಲ್ಲಿ ಮೂರೇ ವಾರಗಳಲ್ಲಿ ಓಟದ ದೂರವನ್ನು ಇಮ್ಮಡಿ ಮಾಡಿದೆ. ಸಾಲದ್ದಕ್ಕೆ ಭಾನುವಾರಗಳಂದು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನೂ ಹತ್ತಿಳಿಯತೊಡಗಿದೆ. ನಾಲ್ಕನೆಯ ವಾರ, ಬೆಳಿಗ್ಗೆ ಹಾಸಿಗೆಯಿಂದೆದ್ದು ಬಲಗಾಲನ್ನು ನೆಲಕ್ಕೂರಿದಾಗ ಹಿಮ್ಮಡಿಗೆ ಮೊಳೆ ನೆಟ್ಟಂತಾಯಿತು. ಸ್ವಲ್ಪ ನಡೆದರೆ ನೋವು ಇಳಿಯುತ್ತಿತ್ತು, ಕುಳಿತು ಎದ್ದರೆ ಮತ್ತೆ ಹಾಜರು. ಆಗ ಔಷಧದ ಅಂಗಡಿಯಲ್ಲಿ 380 ರೂಪಾಯಿ ಕೊಟ್ಟು ಕೊಂಡದ್ದು, ಶೂ ಒಳಗೆ ಹಿಮ್ಮಡಿಯಡಿ ಇಟ್ಟುಕೊಳ್ಳುವ ಈ ಮೆತ್ತನೆಯ ಹೀಲ್ ಕಪ್‌ಗಳ ಜೋಡಿ.

ಮೊದಲ ಎರಡು ವಾರ ಅದು ಕೊಟ್ಟ ಆರಾಮವನ್ನು ಅಲ್ಲಗಳೆಯಲಾರೆ. ಹಿಮ್ಮಡಿಯಡಿಯ ಕೊಬ್ಬಿನ ಮೆತ್ತೆಯನ್ನು ಕಪ್‌ನ ಅಂಚು ಸುತ್ತಲಿಂದ ಹಿಡಿದಿಡುವುದರಿಂದ ಗಟ್ಟಿ ನೆಲದ ಹೊಡೆತ ಮೂಳೆಗೆ ಅಷ್ಟಾಗಿ ತಾಗುವುದಿಲ್ಲ. ವಯಸ್ಸಿನಿಂದ ಆ ಮೆತ್ತೆ ತೆಳುವಾದವರಿಗೆ ಇಷ್ಟೇ ಸಾಕಾಗಬಹುದು. ನನ್ನ ನೋವಿನ ಮೂಲ ಬೇರೆಯಿತ್ತು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಹಬ್ಬಿ ಪಾದದ ಕಮಾನಿಗೆ ಆಸರೆಯಾಗಿರುವ ಪ್ಲಾಂಟಾರ್ ಫೇಸಿಯಾ ಎಂಬ ದಪ್ಪ ಪಟ್ಟಿ, ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲೇ ತಾಳಲಾರದ ಎಳೆತಕ್ಕೆ ಸಿಕ್ಕಿತ್ತು. ಮೀನಖಂಡ ಬಿಗಿದುಕೊಂಡಿದ್ದರೆ ಆ ಎಳೆತ ಇನ್ನೂ ಹೆಚ್ಚು, ನನ್ನದು ಬಿಗಿದೇ ಇತ್ತು. ಹೊಡೆತವನ್ನು ತಗ್ಗಿಸುವ ವಸ್ತುವಿನಿಂದ ಈ ಎಳೆತ ಹೋಗುವುದಿಲ್ಲ ಎಂಬುದು ಅರ್ಥವಾಗಲು ನನಗೆ ಎರಡು ತಿಂಗಳು ಬೇಕಾಯಿತು. ಎಕ್ಸ್‌ರೇಯಲ್ಲಿ ಕಂಡ ಮೂಳೆಯ ಮುಳ್ಳಿಗೆ ಹೆದರಿದ್ದೆ. ಅಂಥ ಮುಳ್ಳು ನೋವೇ ಇಲ್ಲದ ಅನೇಕರಲ್ಲೂ ಇರುತ್ತದೆ ಎಂದು ಮೂಳೆತಜ್ಞರು ತಿಳಿಸಿದರು.

ಇನ್ನೊಂದು ಮಿತಿ ಕಪ್‌ನದಲ್ಲ, ನಮ್ಮ ಮನೆಗಳದ್ದು. ನೋವು ಅತಿಯಾಗುವುದು ಬೆಳಗಿನ ಮೊದಲ ಹೆಜ್ಜೆಗಳಲ್ಲಿ. ಆ ಹೊತ್ತಿಗೆ ಕಪ್ ಇರುವುದು ಬಾಗಿಲಾಚೆಯ ಶೂ ಒಳಗೆ, ಬರಿಗಾಲು ಇರುವುದು ಗ್ರಾನೈಟ್ ನೆಲದ ಮೇಲೆ. ಕೊನೆಗೆ ಮನೆಯೊಳಗೂ ಮೆತ್ತನೆಯ ಚಪ್ಪಲಿ ಮೆಟ್ಟತೊಡಗಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಅಮ್ಮನ ಆಕ್ಷೇಪ ಇಂದಿಗೂ ಮುಗಿದಿಲ್ಲ.

ನೋವನ್ನು ನಿಜಕ್ಕೂ ಇಳಿಸಿದ್ದು, ಓಟವನ್ನು ಅರ್ಧಕ್ಕೆ ತಗ್ಗಿಸಿ, ಬೆರಳುಗಳಡಿ ಸುತ್ತಿದ ಟವೆಲ್ ಇಟ್ಟುಕೊಂಡು, ಮೆಟ್ಟಿಲಿನ ಅಂಚಿನಲ್ಲಿ ನಿಂತು ದಿನ ಬಿಟ್ಟು ದಿನ ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮ. ಮೂರು ತಿಂಗಳಿಗೆ ಸುಧಾರಣೆ ಕಂಡಿತು, ಪೂರ್ಣ ಗುಣವಾಗಲು ಏಳು ತಿಂಗಳು ಹಿಡಿಯಿತು. ಅಷ್ಟು ದಿನ ಕಚೇರಿಗೆ ನಡೆದು ಹೋಗಲು ಸಾಧ್ಯವಾದದ್ದು ಮಾತ್ರ ಕಪ್‌ನಿಂದಲೇ.

ವಸ್ತುವಿನ ದೋಷಗಳೂ ಇವೆ. ಬೆವರಿದಾಗ ಅದು ಶೂ ಒಳಗೆ ಮುಂದಕ್ಕೆ ಜಾರುತ್ತದೆ, ಧೂಳನ್ನು ಅಂಟಿಸಿಕೊಳ್ಳುತ್ತದೆ. ಒಂಬತ್ತನೆಯ ತಿಂಗಳಲ್ಲಿ ಎಡಗಾಲಿನದರ ಅಂಚು ಹರಿಯಿತು. ಹಿಮ್ಮಡಿಯ ಹಿಂಭಾಗದಲ್ಲಿ, ಅಕಿಲೀಸ್ ಸ್ನಾಯುರಜ್ಜಿನ ಬಳಿ ನೋವಿರುವವರಿಗೆ ಇದು ಕಾಲನ್ನು ತುಸು ಎತ್ತರಿಸುವುದರಿಂದ ಉಪಯೋಗವಾದೀತು. ಆದರೆ ಅಂಗಾಲು ಜೋಮು ಹಿಡಿದು ಉರಿಯುತ್ತಿದ್ದರೆ ನರ ಅದುಮಿರಬಹುದು. ಹಿಮ್ಮಡಿಯನ್ನು ಎರಡೂ ಬದಿಯಿಂದ ಒತ್ತಿದಾಗ ತೀವ್ರ ನೋವಾದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವ ಸಾಧ್ಯತೆಯಿದೆ. ಅಂಥವರು ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ.

ಈಗ ಬೆಟ್ಟ ಹತ್ತುವ ದಿನ ಮಾತ್ರ ಬಳಸುತ್ತೇನೆ. ಹರಿದದ್ದರ ಬದಲಿಗೆ ಹೊಸ ಜೋಡಿ ಕೊಂಡಿಲ್ಲ.